ಮುರಿದ ಕೈಗೆ ಖಾಲಿ ಲೋಟ ಹಿಡಿಸುವ ದಿಲಾವರಸಾಬರು

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ ಇದೆ. ರಾಣೆಬೆನ್ನೂರಿನ ಆ ಚಿಕ್ಕ ಎಲುಬಿನ ದವಾಖಾನೆಯಲ್ಲಿ ಎಚ್ಚರ ಇರುವವರು ಇಬ್ಬರೇ. ಒಬ್ಬರು ರಾತ್ರಿ ಪಾಳಿಯ ನರ್ಸ್, ಬಾಗಿಲ ಬಳಿ ಆಕಳಿಸುತ್ತಿದ್ದಾರೆ. ಇನ್ನೊಬ್ಬರು ಪ್ಲಾಸ್ಟರ್ ಕೋಣೆಯ ದಿಲಾವರಸಾಬ ಹೊಸರಿತ್ತಿ. ಸಿಂಕಿನ ಕೆಳಗೆ ಮಂಡಿಯೂರಿ, ಪೈಪಿನಲ್ಲಿ ನಿನ್ನೆಯಿಂದ ಗಟ್ಟಿಯಾಗಿ ಕೂತ ಪ್ಲಾಸ್ಟರಿನ ಗಸಿಯನ್ನು ಹಳೆಯ ಚಮಚದಿಂದ ಕೆರೆಯುತ್ತಿದ್ದಾರೆ. ಇದು ಯಾರ ಕೆಲಸ ಎಂದು ಕೇಳಿದರೆ, "ಯಾರದೂ ಅಲ್ಲರಿ, ಅದಕ್ಕ ನಂದು" ಎನ್ನುತ್ತಾರೆ.

ಚಮಚವನ್ನು ಅವರು ನಾಲ್ಕು ಬೆರಳುಗಳ ಮುಷ್ಟಿಯಲ್ಲಿ ಹಿಡಿದಿದ್ದಾರೆ. ಬಲಗೈ ಹೆಬ್ಬೆರಳು ಮಾತ್ರ ದೂರ ನಿಂತಿದೆ, ಕೆಲಸಕ್ಕೆ ಕರೆಯಬೇಡಿ ಎನ್ನುವ ಹಾಗೆ.

ವಯಸ್ಸು ಐವತ್ತೇಳು. ಈ ಕೋಣೆಗೆ ಬಂದು ಮೂವತ್ತೊಂದು ವರ್ಷ. ದಿನಕ್ಕೆ ಹದಿನೆಂಟು, ಇಪ್ಪತ್ತು ಪ್ಲಾಸ್ಟರ್ ಹಾಕುತ್ತಾರೆ. ಮೆಣಸಿನಕಾಯಿ ಸುಗ್ಗಿಯಲ್ಲೂ ಶಾಲೆಗಳಿಗೆ ರಜೆ ಬಿದ್ದಾಗಲೂ ಲೆಕ್ಕ ಮೂವತ್ತರ ಹತ್ತಿರ ಹೋಗುತ್ತದೆ. ಹಾಕಿದಷ್ಟನ್ನೂ ಒಂದು ದಿನ ಕತ್ತರಿಸಬೇಕಲ್ಲ, ಆ ಕೆಲಸವೂ ಅವರದೇ. ಆಪರೇಷನ್ ಆದವರು ವಾಸಿಯಾಗಿ ಮನೆಗೆ ಹೋಗುವಾಗ ಡಾಕ್ಟರಿಗೆ ಪೇಡಾ ಕೊಡುತ್ತಾರೆ, ಕೊಡಲಿ ಪಾಪ. ಪ್ಲಾಸ್ಟರ್ ಹಾಕಿದವರ ಮುಖ ಯಾರಿಗೆ ನೆನಪಿರುತ್ತದೆ?

ಇವತ್ತು ಅವರು ಇಷ್ಟು ಬೇಗ ಬರಲು ಕಾರಣ ಪೈಪಲ್ಲ. ಒಂಬತ್ತು ಗಂಟೆಗೆ ಬ್ಯಾಡಗಿಯಿಂದ ಅವರ ಅಕ್ಕ ಅಕ್ಬರಬಿ ಬರುತ್ತಾರೆ. ಅಕ್ಕನ ಬಲಗೈಗೆ ಮೂರು ತಿಂಗಳ ಹಿಂದೆ ಆಪರೇಷನ್ ಮಾಡಿ ಹಾಕಿದ ಪ್ಲಾಸ್ಟರನ್ನು ಇವತ್ತು ತೆಗೆಯಬೇಕು. ಒಳಗೆ ಮುರಿದ ಎಲುಬು ಕೂಡಿದೆಯೋ ಇಲ್ಲವೋ ಇವತ್ತು ಗೊತ್ತಾಗುತ್ತದೆ. ಕೂಡಿರದಿದ್ದರೆ ಆ ಕೈಯಲ್ಲಿ ಇನ್ನು ಮೆಣಸಿನಕಾಯಿಯ ತೊಟ್ಟು ಮುರಿಯುವುದಿರಲಿ, ರೊಟ್ಟಿ ಬಡಿಯುವುದೂ ಆಗದು.

"ರಾತ್ರಿ ಕಣ್ಣಿಗೆ ಕಣ್ಣ ಹತ್ತಿಲ್ಲರಿ," ಎನ್ನುತ್ತಾರೆ ದಿಲಾವರಸಾಬರು. "ಆಕಿ ಕೈ ಹಾಳ ಮಾಡಿದಾಂವ ನಾನ."

ಆ ಕತೆಯನ್ನು ಅವರು ಮುಚ್ಚಿಡುವುದಿಲ್ಲ. ಮುಚ್ಚಿಡುವುದೇನು ಬಂತು, ದಿನಕ್ಕೊಬ್ಬರಿಗಾದರೂ ಹೇಳುತ್ತಾರೆ. ಇವತ್ತು ಏಳು ಗಂಟೆಗೆ ಕೇಳಿಸಿಕೊಳ್ಳುವ ಸರದಿ ಮೈಲಾರೆಪ್ಪನದು.

ಮೈಲಾರೆಪ್ಪ ಕುಮಾರಪಟ್ಟಣದವನು, ಮೂವತ್ತರ ಆಸುಪಾಸು. ನಸುಕಿನಲ್ಲಿ ಪಾಳಿ ಮುಗಿಸಿ ಮನೆಗೆ ಹೋಗುವಾಗ ಬೈಕಿಗೆ ನಾಯಿ ಅಡ್ಡ ಬಂದು, ಬಲ ಅಂಗೈ ಊರಿ ಬಿದ್ದಿದ್ದಾನೆ. ಎಕ್ಸ್‌ರೇ ತೆಗೆದಾಗಿದೆ, ಅದರಲ್ಲಿ ಬಿರುಕೇನೂ ಕಾಣುತ್ತಿಲ್ಲ. ದಿಲಾವರಸಾಬರು ಅವನ ಹೆಬ್ಬೆರಳನ್ನು ಮೇಲಕ್ಕೆತ್ತಿಸುತ್ತಾರೆ. ಹಾಗೆ ಎತ್ತಿದಾಗ ಬೆರಳಿನ ಬುಡದಲ್ಲಿ, ಮಣಿಕಟ್ಟಿನ ಪಕ್ಕ ಒಂದು ಕುಳಿ ಬೀಳುತ್ತದೆ. ಹಿಂದಿನವರು ಅಲ್ಲೇ ತಪಕೀರು ಇಟ್ಟುಕೊಂಡು ಮೂಗಿಗೆ ಏರಿಸುತ್ತಿದ್ದರು. ಆ ಕುಳಿಯನ್ನು ಅವರು ತೋರುಬೆರಳಿನಿಂದ ಮೆಲ್ಲಗೆ ಒತ್ತುತ್ತಾರೆ.

"ಯವ್ವಾ!" ಎಂದು ಮೈಲಾರೆಪ್ಪ ಕುರ್ಚಿಯಿಂದಲೇ ಏಳುತ್ತಾನೆ.

"ಪ್ಲಾಸ್ಟರ್ ಹಾಕಬೇಕಪಾ. ಎರಡ ವಾರ ಬಿಟ್ಟು ಮತ್ತ ಫೋಟೋ ತಗಸೂಣು."

"ಫೋಟೋದಾಗ ಏನೂ ಇಲ್ಲಂದ್ರಲ್ರಿ ಸಾಬ್ರ? ಮತ್ಯಾಕ ಸುಮ್ನ? ನಾ ಕೆಲಸಕ್ಕ ಹೋಗಾಂವ."

"ಈ ಎಲವು ಹಂಗ ಅದ. ಇವತ್ತ ಮುರದದ್ದು ಇವತ್ತ ಕಾಣಂಗಿಲ್ಲ. ಹತ್ತು ಹದಿನೈದ ದಿನಾ ಆದಮ್ಯಾಲೆ ಬಿರುಕು ಕಾಣತೈತಿ."

ಮೈಲಾರೆಪ್ಪನಿಗೆ ನಂಬಿಕೆ ಬರುವುದಿಲ್ಲ. ಶರ್ಟಿನ ತೋಳು ಇಳಿಸಿಕೊಂಡು ಹೊರಡಲು ಏಳುತ್ತಾನೆ. ದಿಲಾವರಸಾಬರು ಸ್ಟೂಲಿನ ಮೇಲೆ ಕುಸಿದು ಕೂರುತ್ತಾರೆ. ಇದೇ ಮಾತನ್ನು ಎಷ್ಟು ಜನಕ್ಕೆ ಹೇಳಿದ್ದಾರೋ, ಹೇಳುವಾಗ ಮುಖದಲ್ಲಿ ಅದೇ ದಣಿವು. "ಹೋಗಾಂವ ಹೋಗು, ಹಿಡಕೊಂಡ ಕುಂದ್ರಾಕ ಬರಂಗಿಲ್ಲ. ನಮ್ಮ ಆಪಾನ ಕತಿ ಒಂದ ಕೇಳಿ ಹೋಗು."

ಕತೆ ಹೀಗಿದೆ. ಅಕ್ಬರಬಿ ಬ್ಯಾಡಗಿಯಲ್ಲಿ ಮೆಣಸಿನಕಾಯಿ ತುಂಬು ಬಿಡಿಸುವವರು. ಕಾಯಿಯ ತೊಟ್ಟಿಗೆ ಇಲ್ಲಿ ತುಂಬು ಎನ್ನುತ್ತಾರೆ. ರಾಶಿಯ ಮುಂದೆ ಕೂತು, ಹೆಬ್ಬೆರಳು ತೋರುಬೆರಳಿನ ನಡುವೆ ತೊಟ್ಟು ಸಿಕ್ಕಿಸಿ ಮುರಿಯುವುದು, ಬೆಳಗಿನಿಂದ ಸಂಜೆಯವರೆಗೆ ಸಾವಿರಾರು ಸಲ. ಈ ಕೆಲಸದ ಹೆಂಗಸರಿಗೆಲ್ಲ ಹೆಬ್ಬೆರಳ ಬುಡ ನೋಯುತ್ತದೆ. ನೋವು ಎಷ್ಟು ಮಾಮೂಲಿ ಎಂದರೆ, ಯಾರೂ ಅದನ್ನು ನೋವು ಎಂದು ಕರೆಯುವುದೇ ಇಲ್ಲ. ಕಳೆದ ವರ್ಷ ಜನವರಿಯಲ್ಲಿ ಅಕ್ಬರಬಿ ತಲೆಯ ಮೇಲೆ ಬುಟ್ಟಿ ಹೊತ್ತು ಹೋಗುವಾಗ ಜಾರಿ, ಅಂಗೈ ಊರಿ ಬಿದ್ದರು. ಸಂಜೆ ಬಸ್ಸು ಹತ್ತಿ ತಮ್ಮನ ಹತ್ತಿರ ಬಂದರು. ತಮ್ಮ ಕೈ ಹಿಡಿದು ನೋಡಿದ. ಬಾವು ಇರಲಿಲ್ಲ. ನೋವು ಎಲ್ಲಿದೆ ಎಂದರೆ ಹೆಬ್ಬೆರಳ ಬುಡದಲ್ಲಿ.

"ತುಂಬು ಬಿಡಿಸಿ ಬಿಡಿಸಿ ಹಂಗಾಗೇತಿ ತಗೋ ಆಪಾ, ನಿಮ್ಮ ಮಂದಿಗೆಲ್ಲಾ ಇರೋದ ಅಂದೆ," ಎನ್ನುತ್ತಾರೆ ದಿಲಾವರಸಾಬರು. "ಎಕ್ಸರೇ ಕೋಣಿ ಬಾಜೂಕ ಐತಿ, ಹತ್ತ ಹೆಜ್ಜಿ. ಕರಕೊಂಡ ಹೋಗಲಿಲ್ಲ. ಕುಳಿ ಒತ್ತಿ ನೋಡಲಿಲ್ಲ. ಮುಲಾಮ ಕೊಟ್ಟು, ಒಂದ ಪಟ್ಟಿ ಸುತ್ತಿ ಕಳಿಸಿದೆ. ನಾ ಹೇಳೇನಂತ ನಾಕ ದಿನಕ್ಕ ಆಕಿ ಮತ್ತ ರಾಶಿ ಮುಂದ ಕುಂತಳು."

ಮುರಿದದ್ದು ದೋಣಿಯಾಕಾರದ ಎಲುಬು. ಒಂದು ಕೈಯಲ್ಲಿ ಇಪ್ಪತ್ತೇಳು ಎಲುಬುಗಳಿವೆ: ಬೆರಳುಗಳಲ್ಲಿ ಹದಿನಾಲ್ಕು, ಅಂಗೈಯಲ್ಲಿ ಐದು, ಮಣಿಕಟ್ಟಿನಲ್ಲಿ ಎಂಟು. ಎರಡೂ ಕೈ ಸೇರಿದರೆ ಐವತ್ತನಾಲ್ಕು, ಇಡೀ ಮೈಯ ಎಲುಬುಗಳಲ್ಲಿ ಕಾಲು ಭಾಗ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟ ದಿಲಾವರಸಾಬರು ಇವನ್ನೆಲ್ಲ ಕಣ್ಣು ಮುಚ್ಚಿ ಮುಟ್ಟಿ ಹೇಳುತ್ತಾರೆ. ಮಣಿಕಟ್ಟಿನ ಎಂಟರಲ್ಲಿ ಗೋಡಂಬಿಗಿಂತ ತುಸು ದೊಡ್ಡದಾದ ಈ ದೋಣಿ ಎಲುಬೇ ಭಾರಿ ಹಟಮಾರಿ. ಏಕೆಂದರೆ ಅದಕ್ಕೆ ರಕ್ತ ಬರುವ ದಾರಿ ಉಲ್ಟಾ.

"ನಮ್ಮ ಓಣ್ಯಾಗ ನಳದ ನೀರು ಕೊನೀ ಮನಿಯಿಂದ ಹಿಂದಕ್ಕ ಬರತೈತಿ ಅಂತ ತಿಳಕೋ," ಎಂದು ಮೈಲಾರೆಪ್ಪನಿಗೆ ವಿವರಿಸುತ್ತಾರೆ. "ನಡುವ ಪೈಪ್ ಒಡದ್ರ ಈಚೀ ಕಡೆ ಮನಿಗೆ ನೀರಿಲ್ಲ. ಹಂಗ ಅರ್ಧಾ ಎಲವು ಒಣಗತೈತಿ. ಎಂಟ ತಿಂಗಳಾದಮ್ಯಾಲೆ ಫೋಟೋ ತಗಸಿದ್ರ ನಮ್ಮ ಆಪಾಂದು ಎರಡ ತುಂಡು."

ಅವರನ್ನು ನಿಜವಾಗಿ ತಿನ್ನುವುದು ಎಕ್ಸ್‌ರೇ ಅಲ್ಲ, ಅದಕ್ಕೂ ಮೊದಲು ಬಂದ ಆ ವರ್ಷದ ಈದ್. ಅಕ್ಕನ ಮನೆಯಲ್ಲಿ ಊಟಕ್ಕೆ ಕೂತಾಗ ಅಕ್ಬರಬಿ ಶೀರ್‌ಖುರ್ಮಾದ ಬಟ್ಟಲನ್ನು ಎಡಗೈಯಲ್ಲಿ ಕೊಟ್ಟರು. ಜನ್ಮದಲ್ಲಿ ಯಾರಿಗೂ ಎಡಗೈಯಲ್ಲಿ ಒಂದು ಗುಟುಕು ನೀರು ಕೊಟ್ಟವರಲ್ಲ ಅವರು. "ಮಾಫ್ ಮಾಡೋ, ಬಲಗೈ ಇನ್ನೂ ಎದ್ದಿಲ್ಲ" ಎಂದರು. ದಿಲಾವರಸಾಬರು ನಕ್ಕು ಬಟ್ಟಲು ತೆಗೆದುಕೊಂಡರು.

"ನಕ್ಕೆ ನೋಡ್ರಿ. ಕೈ ನೋಡೋದ ನನ್ನ ಕಸಬು, ನಾ ನಕ್ಕೆ."

ಎಕ್ಸ್‌ರೇ ಬಂದ ಮೇಲೆ ತಪ್ಪಾಯಿತು ಎಂದು ಅಳುತ್ತ ಹೇಳಿದಾಗ ಅಕ್ಕ ಬೈಯಲಿಲ್ಲ. "ಡಾಕ್ಟರ್ ಅಂತ ನಿನ್ನ ಕಡೆ ಬಂದಿದ್ದಿಲ್ಲ ದಿಲ್ಯಾ, ತಮ್ಮ ಅಂತ ಬಂದಿದ್ದೆ" ಎಂದರು ಅಷ್ಟೇ. ಬೈದಿದ್ದರೆ ಎಷ್ಟೋ ಚಲೋ ಇತ್ತು. ಮುಂದಿನ ಈದ್‌ಗೆ ಅವರು ಅಕ್ಕನ ಮನೆಗೆ ಹೋಗಲೇ ಇಲ್ಲ.

ಮೈಲಾರೆಪ್ಪ ತೋಳು ಮಡಚಿ ಕೈ ಮುಂದೆ ಮಾಡುತ್ತಾನೆ. ದಿಲಾವರಸಾಬರು ಮೊದಲು ಹತ್ತಿ ಸುತ್ತುತ್ತಾರೆ. ಪ್ಲಾಸ್ಟರಿನ ಸುರುಳಿಯನ್ನು ಬಕೆಟ್ಟಿನ ನೀರಿಗೆ ಬಿಟ್ಟು ಗುಳ್ಳೆ ನಿಲ್ಲುವವರೆಗೆ ಕಾಯುತ್ತಾರೆ. ಹಿಂಡಿ, ಸರಸರ ಸುತ್ತಿ, ಒದ್ದೆ ಇರುವಾಗಲೇ ಅವನ ಕೈಗೆ ಖಾಲಿ ಸ್ಟೀಲಿನ ಲೋಟ ಹಿಡಿಸುತ್ತಾರೆ. ಈ ಎಲುಬು ಮುರಿದರೆ ಕೈ ಚಹಾದ ಲೋಟ ಹಿಡಿದ ಭಂಗಿಯಲ್ಲೇ ಗಟ್ಟಿಯಾಗಬೇಕು. ಬಾಯಿಮಾತಿನಲ್ಲಿ ಹೇಳಿದರೆ ಯಾರಿಗೂ ತಿಳಿಯುವುದಿಲ್ಲ ಎಂದು ಮನೆಯಿಂದಲೇ ಲೋಟ ತಂದಿಟ್ಟಿದ್ದಾರೆ. ಮೂವತ್ತೊಂದು ವರ್ಷಗಳಲ್ಲಿ ಇದು ನಾಲ್ಕನೆಯ ಲೋಟ.

"ಚಹಾ ಇಲ್ಲೇನ್ರಿ ಸಾಬ್ರ ಇದರಾಗ?" ಎಂದು ಮೈಲಾರೆಪ್ಪ ಕೇಳುತ್ತಾನೆ.

"ಮೊದ್ಲ ಕೈ ನೆಟ್ಟಗ ಆಗ್ಲಿ, ಆಮ್ಯಾಲೆ ಚಹಾ."

ಸುತ್ತಿದ ಪ್ಲಾಸ್ಟರನ್ನು ತಿಕ್ಕಿ ನುಣುಪು ಮಾಡುವಾಗ ಅವರ ತುಟಿ ಬಿಗಿಯುತ್ತದೆ. ಅವರ ಹೆಬ್ಬೆರಳಿನ ಬುಡದ ಕೀಲು ಸವೆದುಹೋಗಿದೆ. ಹಿಂಡಿ, ತಿಕ್ಕಿ, ಕತ್ತರಿ ಒತ್ತಿ ಒತ್ತಿ ಆದದ್ದು. ಕದರಮಂಡಲಗಿಯ ಆಂಜನೇಯನ ಗುಡಿಯ ಹತ್ತಿರ ಬಸ್ಸಿಗೆ ಕಾಯುತ್ತ, ಶೇಂಗಾ ತಿನ್ನುವ ಮುಸುವಗಳ ಕೈಯನ್ನು ಅವರು ಗಂಟೆಗಟ್ಟಲೆ ನೋಡಿದ್ದಾರೆ. "ಮುಸ್ಯಾನ ಹೆಬ್ಬಟ್ಟು ಗಿಡ್ಡ, ಉಳದ ಬೆರಳು ಉದ್ದ. ನಮ್ಮಂಗ ತುದಿಗೆ ತುದಿ ಹಚ್ಚಿ ಹಿಡಿಯಾಕ ಅದಕ್ಕ ಸಲೀಸ ಬರಂಗಿಲ್ಲ. ಅದಕ್ಕ ತುಂಬು ಬಿಡಸೋ ಕೆಲಸಾನೂ ಇಲ್ಲ, ಬ್ಯಾನೀನೂ ಇಲ್ಲ ಬಿಡ್ರಿ."

ಇದನ್ನು ಕೇಳಿ ದವಾಖಾನೆಯ ಡಾಕ್ಟರ್ ದೀಪಾಲಿ ನಗುತ್ತಾರೆ. ಆದರೆ ಮಾತು ಸರಿಯಾಗಿದೆ ಎನ್ನುತ್ತಾರೆ. ಮನುಷ್ಯನ ಪೂರ್ವಜರ ಕೈ ಕೊಂಬೆ ಬಿಟ್ಟು ಕಲ್ಲು, ಕಟ್ಟಿಗೆ ಹಿಡಿಯತೊಡಗಿದ ಲಕ್ಷಾಂತರ ವರ್ಷಗಳಲ್ಲಿ ಹೆಬ್ಬೆರಳು ಉದ್ದವಾಯಿತು, ಉಳಿದ ಬೆರಳುಗಳು ಗಿಡ್ಡವಾದವು. ಕುದುರೆಯ ಜೀನಿನ ಆಕಾರದ ಆ ಬುಡದ ಕೀಲಿನಿಂದಲೇ ಹೆಬ್ಬೆರಳು ಎಲ್ಲ ಬೆರಳುಗಳ ಕಡೆಗೂ ತಿರುಗುತ್ತದೆ. ಹೆಚ್ಚು ದುಡಿಯುವುದೂ ಅದೇ, ಬೇಗ ಸವೆಯುವುದೂ ಅದೇ. "ಇವರಿಗೆ ಮೂರು ತಿಂಗಳು ಕೈಗೆ ಪಟ್ಟಾ ಕಟ್ಕೊಂಡು ಮನ್ಯಾಗ ಕೂಡ್ರಿ ಅಂತ ಹೇಳಿ ಸಾಕಾಗೇದ. ಊರ ಮಂದಿಗೆಲ್ಲಾ ಬುದ್ಧಿ ಹೇಳ್ತಾರ, ತಾವು ಕೇಳಂಗಿಲ್ಲ" ಎಂದು ಡಾಕ್ಟರ್ ಅವರೆದುರಿಗೇ ದೂರುತ್ತಾರೆ. ದಿಲಾವರಸಾಬರು ಕೇಳಿಸದವರಂತೆ ಬಕೆಟ್ಟು ತೊಳೆಯುತ್ತಾರೆ.

ಒಂಬತ್ತೂ ಕಾಲಿಗೆ ಅಕ್ಬರಬಿ ಬರುತ್ತಾರೆ. ಅರವತ್ತೆರಡರ ಗಟ್ಟಿ ಹೆಂಗಸು. ಬಾಗಿಲಲ್ಲೇ ತಮ್ಮನ ಮುಖ ನೋಡಿ, "ಯಾಕೋ ದಿಲ್ಯಾ, ಯಾರರ ಸತ್ತಾರೇನು? ಮಾರಿ ಹಂಗ್ಯಾಕ ಮಾಡೀದಿ?" ಎನ್ನುತ್ತಾರೆ. ತಮ್ಮನಿಗೆ ನಗು ಬರುವುದಿಲ್ಲ.

ಬೇರೆಯವರ ಕೈಯಲ್ಲಿ ತೆಗೆಸುತ್ತೇನೆ ಎಂದು ಡಾಕ್ಟರ್ ಹೇಳಿದರೂ ದಿಲಾವರಸಾಬರು ಒಪ್ಪುವುದಿಲ್ಲ. ಕಟರ್ ಹಚ್ಚಿ, ಅದು ಚರ್ಮ ಕೊಯ್ಯುವುದಿಲ್ಲ ಎಂದು ಮೊದಲು ತಮ್ಮ ಅಂಗೈಗೇ ತಾಗಿಸಿ ತೋರಿಸುತ್ತಾರೆ. "ನಂಗ ಗೊತ್ತೈತಿ, ನೀ ಹೆದರಬ್ಯಾಡ," ಎನ್ನುತ್ತಾರೆ ಅಕ್ಕ. ಪ್ಲಾಸ್ಟರ್ ಎರಡು ಹೋಳಾಗಿ ಬಿಚ್ಚುತ್ತದೆ. ಒಳಗಿನ ಕೈ ಸೊರಗಿದೆ, ಚರ್ಮ ಹೊಟ್ಟಿನಂತೆ ಉದುರುತ್ತಿದೆ. ಆಪರೇಷನ್ನಿನಲ್ಲಿ ಸೊಂಟದ ಎಲುಬಿನಿಂದ ಚೂರು ತೆಗೆದು ಇಲ್ಲಿ ತುಂಬಿ, ಚಿಕ್ಕದೊಂದು ಸ್ಕ್ರೂ ಹಾಕಿದ ಗುರುತು ಮಣಿಕಟ್ಟಿನ ಮೇಲಿದೆ. ದಿಲಾವರಸಾಬರು ಆ ಕೈಯನ್ನು ಬಿಸಿನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸುತ್ತಾರೆ, ಆಮೇಲೆ ಕುಳಿಯ ಮೇಲೆ ಬೆರಳಿಡುತ್ತಾರೆ. ಒತ್ತುವ ಧೈರ್ಯ ಬರುವುದಿಲ್ಲ. ಅಕ್ಕನೇ ತಮ್ಮನ ಬೆರಳಿನ ಮೇಲೆ ತಮ್ಮ ಎಡಗೈ ಇಟ್ಟು ಒತ್ತಿಕೊಳ್ಳುತ್ತಾರೆ.

"ಏನೂ ಇಲ್ಲೋ. ಬ್ಯಾನಿ ಇಲ್ಲ."

ಎಕ್ಸ್‌ರೇ ಬರುವ ತನಕ ದಿಲಾವರಸಾಬರು ಗೋಡೆಗೆ ಒರಗಿ ನಿಂತೇ ಇರುತ್ತಾರೆ. ಡಾಕ್ಟರ್ ದೀಪಾಲಿ ಚಿತ್ರವನ್ನು ಬೆಳಕಿಗೆ ಹಿಡಿದು, ಹತ್ತಿರ ಕರೆದು ಬೆರಳಿಟ್ಟು ತೋರಿಸುತ್ತಾರೆ. ಎರಡು ತುಂಡುಗಳ ನಡುವಿನ ಕಪ್ಪು ಗೆರೆ ಈಗಿಲ್ಲ. ಕೂಡಿದೆ.

"ಖರೇ ಏನ್ರಿ ಬಾಯಾರ?"

"ಖರೇನ ದಿಲಾವರ್."

"ಇನ್ನೊಮ್ಮೆ ನೋಡ್ರಿ."

ಇನ್ನೊಮ್ಮೆ ನೋಡಿದರೂ ಕೂಡಿಯೇ ಇದೆ. ಕೈ ಬಿಗಿತ ಬಿಡಲು ಇನ್ನೂ ಎರಡು ತಿಂಗಳು ಬೇಕು, ತುಂಬು ಬಿಡಿಸುವುದನ್ನು ಆಮೇಲೆ ನೋಡೋಣ, ಈಗ ದಿನಾ ಹಗುರವಾದದ್ದನ್ನು ಹಿಡಿದು ಅಭ್ಯಾಸ ಮಾಡಲಿ ಎನ್ನುತ್ತಾರೆ ಡಾಕ್ಟರ್. ಪ್ಲಾಸ್ಟರ್ ಕೋಣೆಗೆ ಮರಳಿದ ಮೇಲೆ ದಿಲಾವರಸಾಬರು ಬಿಚ್ಚಿದ ಪ್ಲಾಸ್ಟರಿನ ಹೋಳುಗಳನ್ನು ಎತ್ತಿಡುತ್ತಾರೆ. ತಮಗೇನು ಆಸೆ ಎಂದು ಕೇಳಿದರೆ, ಬ್ಯಾಡಗಿಯ ಒಂದೊಂದು ಮೆಣಸಿನಕಾಯಿ ರಾಶಿಯ ಮುಂದೂ ಹೋಗಿ, ಬಿದ್ದವರಿದ್ದರೆ ಕುಳಿ ಒತ್ತಿ ನೋಡಬೇಕು ಎನ್ನುತ್ತಾರೆ. ಚಹಾದಂಗಡಿಯ ಹುಡುಗಿ ಕಿಟ್ಲಿ ತಂದಿಟ್ಟು ಹೋಗುತ್ತಾಳೆ.

ಅಕ್ಬರಬಿ ಮೇಜಿನ ಮೇಲಿದ್ದ ಆ ಸ್ಟೀಲಿನ ಲೋಟವನ್ನು ತೊಳೆದು, ಎಡಗೈಯಲ್ಲಿ ಕಿಟ್ಲಿ ಎತ್ತಿ ಅರ್ಧ ಲೋಟ ಚಹಾ ಸುರಿಯುತ್ತಾರೆ. ಕಿಟ್ಲಿ ಇಟ್ಟು ಬಲಗೈ ಮುಂದೆ ಮಾಡುತ್ತಾರೆ. ಬೆರಳುಗಳು ಒಂದೊಂದಾಗಿ ಲೋಟದ ಸುತ್ತ ಕೂರುತ್ತವೆ. ಕೊನೆಗೆ ಹೆಬ್ಬೆರಳು. ಲೋಟ ಮೇಜು ಬಿಟ್ಟು ಮೇಲೇಳುತ್ತದೆ, ನಡುಗುತ್ತದೆ, ಎರಡು ಹನಿ ಚೆಲ್ಲುತ್ತದೆ.

"ತಗೋ ದಿಲ್ಯಾ," ಎನ್ನುತ್ತಾರೆ. "ಲಗೂ ತಗೋ, ಬಲಗೈಲೆ ಕೊಡಾಕತ್ತೇನಿ."

ದಿಲಾವರಸಾಬರ ಹೆಬ್ಬೆರಳಿಗೆ ಒಂದು ಲೋಟ ಹಿಡಿಯುವ ಶಕ್ತಿಯೂ ಈಗ ಉಳಿದಿಲ್ಲ. ಅವರು ಎರಡೂ ಕೈಯಿಂದ ತೆಗೆದುಕೊಳ್ಳುತ್ತಾರೆ.