ಹಸಿರು ಬಣ್ಣದ ಕೆಳಗೆ ಸಾಗುವಾನಿ

ತಿಂಗಳುಗಟ್ಟಲೆ ಒಂದು ಮಾತೂ ಆಡದಿದ್ದ ನನ್ನ ಗಂಡ ಈಚೆಗೆ ಬಾಯಿ ಬಿಟ್ಟರು.

ಮಾತಾಡಿದ್ದು ನನ್ನ ಜೊತೆಗಲ್ಲ. ಮಗಳ ಜೊತೆಗೂ ಅಲ್ಲ. ಒಂದು ಮುರುಕು ಕುರ್ಚಿಯ ಜೊತೆ!

ನಾನು ಅಡುಗೆಮನೆಯಲ್ಲಿ ಬೇಳೆಗೆ ಒಗ್ಗರಣೆ ಹಾಕುತ್ತಿದ್ದೆ. ಬಾಲ್ಕನಿಯಿಂದ ದನಿ ಬಂತು. "ಬಾರಲೇ... ಬಾ..." ಅಚ್ಚ ಗದಗಿನ ಕನ್ನಡ. ಕೋಲ್ಕತ್ತಾದ ಬೆಹಾಲಾದಲ್ಲಿರುವ ನಮ್ಮ ಫ್ಲ್ಯಾಟಿಗೆ ಗದಗಿನವರು ಯಾರಪ್ಪ ಬಂದರು? ಓಡಿ ಹೋಗಿ ನೋಡಿದರೆ ಇವರು ನೆಲದ ಮೇಲೆ ಕೂತಿದ್ದಾರೆ. ಎದುರಿಗೆ ತಲೆಕೆಳಗಾದ ಕುರ್ಚಿ. ಅದರ ಕಾಲಿನಿಂದ ಒಂದು ತುಕ್ಕು ಹಿಡಿದ ಮೊಳೆ ಕೀಳುತ್ತಿದ್ದಾರೆ. ಮೊಳೆ ಬರುತ್ತಿಲ್ಲ. ಕರೆದದ್ದು ಅದನ್ನೇ.

(ಒಗ್ಗರಣೆ ಸೀದು ಹೋಯಿತು. ಆ ದಿನದ ಬೇಳೆಯ ಬಗ್ಗೆ ಮನೆಯಲ್ಲಿ ಯಾರೂ ದೂರಲಿಲ್ಲ.)

ಈ ಅಂಕಣದ ಹಳೆಯ ಓದುಗರಿಗೆ ನನ್ನ ಗಂಡ ಜಯವಂತರು ಗೊತ್ತು. ಮೀನಿನ ಮಾರ್ಕೆಟ್ಟಿನಲ್ಲಿ ಬಂಗಾಳಿಗಳನ್ನು ಬಂಗಾಳಿಯಲ್ಲೇ ಮಾತಾಡಿ ಸೋಲಿಸುವ ಮನುಷ್ಯ. ಸರ್ಕಾರಿ ಕಂಪನಿಯೊಂದರಲ್ಲಿ ಎಂಜಿನಿಯರ್ ಆಗಿ ಕೋಲ್ಕತ್ತಾಗೆ ಬಂದವರು, ರಿಟೈರಾದ ಮೇಲೂ ಊರಿಗೆ ಹೊರಡಲಿಲ್ಲ. "ಈ ಮೀನು ಬಿಟ್ಟು ಎಲ್ಲಿ ಹೋಗೂಣು?" ಎನ್ನುತ್ತಿದ್ದರು. ಈಚೆಗೆ ನಿಮ್ಮ ಯಜಮಾನರು ಅಂಕಣದಲ್ಲಿ ಕಾಣುತ್ತಲೇ ಇಲ್ಲವಲ್ಲ ಎಂದು ನಿಮ್ಮಲ್ಲಿ ಕೆಲವರು ಕೇಳಿದ್ದಿರಿ. ಉತ್ತರ ಕೊಡಲು ಆಗಿರಲಿಲ್ಲ. ಇವತ್ತು ಕೊಡುತ್ತೇನೆ.

ಅವತ್ತೂ ಮೀನಿಗೇ ಹೋಗಿದ್ದರು. ರೂಯಿ ಮೀನು ಆರಿಸುತ್ತಿದ್ದವರ ಬಲಗೈಯಿಂದ ಚೀಲ ಜಾರಿತು. ಮೀನಿನವನು "ದಾದಾ, ಕೀ ಹೊಲೊ?" ಎಂದು ಏನಾಯಿತೆಂದು ಕೇಳಿದರೆ ಇವರ ಬಾಯಿಂದ ಬಂದದ್ದು ಬರೀ ಗೊಗ್ಗರು ಸದ್ದು. ಅವನೇ ಅಂಗಡಿ ಬಿಟ್ಟು, ಆಟೋ ಹಿಡಿದು ಮನೆಗೆ ಕರೆತಂದ. ಅಲಿಪುರದ ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದರು: ಸ್ಟ್ರೋಕ್. ಜೀವಕ್ಕೆ ತೊಂದರೆಯಿಲ್ಲ. ಕೈ ನಿಧಾನಕ್ಕೆ ಸುಧಾರಿಸುತ್ತದೆ. ಮಾತು ಮಾತ್ರ... ನೋಡೋಣ.

ನೋಡೋಣ! ಡಾಕ್ಟರ ಬಾಯಲ್ಲಿ ಅದಕ್ಕಿಂತ ಉದ್ದದ ಶಬ್ದ ಇನ್ನೊಂದಿದೆಯೇ?

ಎಲ್ಲ ಅರ್ಥವಾಗುತ್ತಿತ್ತು ಅವರಿಗೆ. ಹೇಳಲು ಬರುತ್ತಿರಲಿಲ್ಲ. ಸ್ಪೀಚ್ ಥೆರಪಿ ಹುಡುಗಿ ಮನೆಗೇ ಬರುತ್ತಿದ್ದಳು. ಚಿತ್ರದ ಕಾರ್ಡು ತೋರಿಸಿ ಬಂಗಾಳಿಯಲ್ಲಿ ಕೇಳುವಳು, ಇಂಗ್ಲಿಷಿನಲ್ಲಿ ಕೇಳುವಳು. ಮಾವಿನಹಣ್ಣು, ಛತ್ರಿ, ಬಸ್ಸು. ಇವರು ಕಾರ್ಡು ನೋಡುವರು, ತುಟಿ ನಡುಗುವುದು, ಮುಖ ಕೆಂಪಾಗುವುದು. ಆಮೇಲೆ ಮುಖ ತಿರುಗಿಸಿಬಿಡುವರು.

ಒಂದು ಭಾನುವಾರ ಚರ್ಚಿಗೆ ಕರೆದುಕೊಂಡು ಹೋದೆ. ಎಲ್ಲರೂ ಎದ್ದು ನಿಂತು ಕರ್ತನ ಪ್ರಾರ್ಥನೆ ಶುರು ಮಾಡಿದರು. ಇವರೂ ಎದ್ದರು. ಬಾಯಿ ತೆರೆದರು. ಏನೂ ಬರಲಿಲ್ಲ. ನಲವತ್ತು ವರ್ಷಕ್ಕೂ ಮೇಲ್ಪಟ್ಟು ಅದೇ ಸಾಲಿನಲ್ಲಿ ನಿಂತು ಗಟ್ಟಿಯಾಗಿ ಹೇಳಿದ ಮಾತು! ಕೂತುಬಿಟ್ಟರು. ಹೊರಗೆ ಬರುವಾಗ ಗಲ್ಲ ಒದ್ದೆಯಾಗಿತ್ತು.

ಮುಂದಿನ ಭಾನುವಾರ ಬಟ್ಟೆ ತೆಗೆದಿಟ್ಟರೆ ಮುಟ್ಟಲಿಲ್ಲ. ಪಾದ್ರಿಗಳು ಮನೆಗೆ ಬಂದರು. ಇವರು ಗೋಡೆಯ ಕಡೆ ತಿರುಗಿ ಮಲಗಿದರು. ಸಂಜೆ ನಾನು ಪ್ರಾರ್ಥನೆಗೆ ಕೂತರೆ ಎದ್ದು ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಳ್ಳುವರು. ಕೋಪ ಯಾರ ಮೇಲೆ ಎಂದು ನನಗೆ ಗೊತ್ತಿತ್ತು. ಹೇಗೆ ಕೇಳಲಿ? ನನಗೂ ಅವನ ಮೇಲೆ ಸ್ವಲ್ಪ ಕೋಪವಿತ್ತು.

ಆ ಬಾಲ್ಕನಿಯಲ್ಲಿ ಇದ್ದದ್ದು ಕುರ್ಚಿ.

ಅದು ನನ್ನ ಮಾವನವರದು. ಗದಗಿನಲ್ಲಿ ಶಾಲಾ ಮಾಸ್ತರರಾಗಿದ್ದರು. ಅತ್ತೆ ತೀರಿಕೊಂಡ ಮೇಲೆ ಮಗನ ಜೊತೆ ಇರಲು ಬಂದಾಗ ಒಂದು ಟ್ರಂಕು, ಒಂದು ಜೋಳದ ಹಿಟ್ಟಿನ ಡಬ್ಬಿ, ಜೊತೆಗೆ ಈ ಕುರ್ಚಿ ತಂದರು. ಅಗಲ ಕೈ, ಬೆತ್ತದ ಸೀಟು. ರೈಲಿನ ಲಗೇಜಿನಲ್ಲಿ ಗೋಣಿ ಸುತ್ತಿಸಿಕೊಂಡು ಹೌರಾ ಸ್ಟೇಷನ್ನಿಗೆ ಬಂದ ಕುರ್ಚಿ. "ಅಲ್ರೀ ಅಪ್ಪಾ, ಕೋಲ್ಕತ್ತಾದಾಗ ಕುರ್ಚಿ ಸಿಗೂದಿಲ್ಲೇನು?" ಎಂದು ಇವರು ಕೇಳಿದ್ದರು. "ಸಿಗ್ತಾವ. ಅವು ನನಗ ಗುರ್ತ ಹಿಡಿಯೂದಿಲ್ಲ" ಎಂದಿದ್ದರು ಮಾವನವರು.

ಆ ಸಂಜೆಗಳು ನೆನಪಾದರೆ ಈಗಲೂ ಮೂಗಿಗೆ ಸೀಮೆಎಣ್ಣೆಯ ವಾಸನೆ ಬರುತ್ತದೆ. ಸರಿಯಾಗಿ ಪ್ರಾರ್ಥನೆ ಹೊತ್ತಿಗೆ ಲೋಡ್ ಶೆಡ್ಡಿಂಗ್. ಪಾಡಾದ, ಅಂದರೆ ನಮ್ಮ ಕೇರಿಯ, ಮನೆಮನೆಯಿಂದ ಶಂಖದ ಸದ್ದು. ಶಂಖ ನಿಂತ ಮೇಲೆ ನಮ್ಮ ಮನೆಯ ಹಾಡು. ಮಾವನವರು ಕುರ್ಚಿಯಲ್ಲಿ, ನಾವೆಲ್ಲ ಚಾಪೆಯ ಮೇಲೆ, ಮಗಳು ಕೃಪಾ ಅಜ್ಜನ ಕಾಲ ಬಳಿ. ಮಾವನವರು ಕುರ್ಚಿಯ ಬಲಗೈ ಮೇಲೆ ಬೆರಳಿನಿಂದ ತಾಳ ಹಾಕುವರು. ಟಕ್, ಟಕ್. ಕೆಳಗಿನ ಮನೆಯ ಬಂಗಾಳಿ ಹೆಂಗಸು ಮಾಶಿಮಾ ಮರುದಿನ ಮೆಟ್ಟಿಲ ಮೇಲೆ ಸಿಕ್ಕಿದರೆ ಅದೇ ರಾಗ ಗುನುಗುತ್ತಿದ್ದರು. ಪದ ಗೊತ್ತಿಲ್ಲ, ಪಕ್ಕಾ ದುರ್ಗಾಭಕ್ತೆ, ಆದರೂ ಗುನುಗು! ಯಾರಿಗೂ ಅದರಲ್ಲಿ ವಿಚಿತ್ರ ಕಾಣುತ್ತಿರಲಿಲ್ಲ. ಎಂಥ ಕಾಲ ಅಲ್ಲವೇ ಅದು?

ಒಂದು ಕ್ರಿಸ್‌ಮಸ್ಸಿಗೆ ಕಿಟಕಿಗೆ ಬಳಿದು ಉಳಿದ ಹಸಿರು ಬಣ್ಣವನ್ನು ಮಾವನವರು ಕುರ್ಚಿಗೂ ಬಳಿದರು. ಭಯಂಕರ ಹಸಿರು. ಗಿಳಿಯೂ ನಾಚುವಷ್ಟು. ಅವರು ಹೋದ ಮೇಲೆ ಇವರು ಆ ಕುರ್ಚಿಯಲ್ಲಿ ಕೂತು ಪ್ರಾರ್ಥನೆ ನಡೆಸಿದರು. ಆಮೇಲೆ ಬೆತ್ತ ಹರಿಯಿತು. ಕುರ್ಚಿ ಬಾಲ್ಕನಿ ಸೇರಿತು. ಅದರ ಮೇಲೆ ರದ್ದಿ ಪೇಪರು, ಒಂದು ಹೂಕುಂಡ, ಮಳೆಗಾಲದ ನೀರು.

ಕೋಪ ಮಾಡಿಕೊಂಡು ದಿನಾ ಬಾಲ್ಕನಿಗೆ ಹೋಗುತ್ತಿದ್ದ ಇವರು ಒಂದು ಸಂಜೆ ರದ್ದಿ ಪೇಪರನ್ನೆಲ್ಲ ಇಳಿಸಿ ಬದಿಗಿಟ್ಟಿದ್ದರು. ಮರುದಿನ ಹೂಕುಂಡ. ಅದರ ಮರುದಿನ ಅಡುಗೆಮನೆಯ ಚಾಕು ಕಾಣೆ. ಹುಡುಕಿದರೆ ಇವರು ಎಡಗೈಯಲ್ಲಿ ಚಾಕು ಹಿಡಿದು ಹಸಿರು ಬಣ್ಣ ಕೆರೆಯುತ್ತಿದ್ದಾರೆ!

ನನಗೆ ಜೀವ ಬಾಯಿಗೆ ಬಂತು. ಕಿತ್ತುಕೊಳ್ಳಲು ಹೋದೆ. ಕೃಪಾ ತಡೆದಳು. "ಮಮ್ಮಿ, ಲೆಟ್ ಹಿಮ್" ಎಂದಳು. ಅವಳು ಇಲ್ಲೇ ಹತ್ತಿರದ ಜೋಕಾದಲ್ಲಿ ಕೆಲಸ ಮಾಡುತ್ತಾಳೆ. ಅವತ್ತು ಸಂಜೆ ಬರುವಾಗ ಮರಳುಕಾಗದದ ಹಾಳೆಗಳು, ಒಂದು ಮಾಸ್ಕು, ಒಂದು ಡಬ್ಬಿ ಪಾಲಿಶ್ ತಂದಳು. ಅಪ್ಪನ ಮುಂದಿಟ್ಟಳು. ಇವರು ನಕ್ಕರು. ಆಸ್ಪತ್ರೆಯಿಂದ ಬಂದ ಮೇಲೆ ಆ ನಗು ನಾನು ನೋಡಿರಲಿಲ್ಲ.

ಬಲಗೈ ಒತ್ತಿ ಹಿಡಿಯುವುದು, ಎಡಗೈ ಉಜ್ಜುವುದು. ಬೇಗ ದಣಿವು. ಕೂತು ಸುಧಾರಿಸಿಕೊಳ್ಳುವುದು, ಮತ್ತೆ ಉಜ್ಜುವುದು. ಒಣಗಲು ಹಾಕಿದ ನನ್ನ ಸೀರೆಗಳೆಲ್ಲ ಹಸಿರು ಧೂಳು. ಗಿಳಿ ಹಸಿರಿನ ಕೆಳಗೆ ಕಪ್ಪು ವಾರ್ನಿಶ್. ಅದರ ಕೆಳಗೆ, ಒಂದು ಮಧ್ಯಾಹ್ನ, ಸಾಗುವಾನಿ. ಜೇನಿನ ಬಣ್ಣ. ಇವರು ನನ್ನ ಸೆರಗು ಎಳೆದು ತೋರಿಸಿದರು. ಮದುವೆಯಾಗಿ ಗದಗಿನ ಮನೆಗೆ ಕಾಲಿಟ್ಟಾಗಿನಿಂದ ನೋಡಿದ ಕುರ್ಚಿ, ಅದರ ನಿಜವಾದ ಬಣ್ಣ ನಾನು ನೋಡಿಯೇ ಇರಲಿಲ್ಲ!

ಕುರ್ಚಿಯ ಬಲಗೈ ಮೇಲೆ ಒಂದು ಕಡೆ ತಗ್ಗಿತ್ತು. ಮಾವನವರ ತಾಳ ಬಿದ್ದ ಜಾಗ. ಕೃಪಾ "ಪುಟ್ಟಿ ಹಾಕಿ ಲೆವೆಲ್ ಮಾಡೋಣ ಪಪ್ಪಾ" ಎಂದಳು. ಇವರು ಆ ತಗ್ಗಿನ ಮೇಲೆ ಅಂಗೈ ಇಟ್ಟು ಮುಚ್ಚಿಕೊಂಡರು. ಅವಳು ಪುಟ್ಟಿಯ ಡಬ್ಬಿ ಮುಚ್ಚಿದಳು.

ನೂತನವಾಗುವುದು ಎಂಬ ಮಾತನ್ನು ಚಿಕ್ಕಂದಿನಿಂದ ಚರ್ಚಿನ ಪ್ರಸಂಗಗಳಲ್ಲಿ ಕೇಳಿದ್ದೇನೆ. ಹಳೆಯ ಸೀರೆ ಬಿಚ್ಚಿ ಹೊಸದು ಉಟ್ಟ ಹಾಗೆ ಎಂದುಕೊಂಡಿದ್ದೆ. ಬಾಲ್ಕನಿಯ ಬಾಗಿಲಲ್ಲಿ ನಿಂತು ನೋಡುವಾಗ ಅನಿಸಿತು: ದೇವರು ನಮ್ಮನ್ನು ಹೊಸದು ಮಾಡುವಾಗಲೂ ಹೀಗೇ ಕೆರೆಯುತ್ತಾನೇನೋ. ನೋವಾಗುತ್ತದೆ, ಧೂಳೇಳುತ್ತದೆ. ಆದರೆ ನಮ್ಮ ತಗ್ಗುಗಳಿಗೆ ಪುಟ್ಟಿ ಹಾಕುವುದಿಲ್ಲ. ಅವು ಯಾರ ಬೆರಳಿನ ಗುರುತು ಎಂದು ಅವನಿಗೆ ಗೊತ್ತು.

ಮೊಳೆಯ ಪ್ರಸಂಗ ನಡೆದದ್ದು ಆ ವಾರವೇ. ಥೆರಪಿ ಹುಡುಗಿಗೆ ಓಡೋಡಿ ಫೋನ್ ಮಾಡಿದೆ. ಅವಳು ಖುಷಿಯಾದಳು. ಆಮೇಲೆ ಕೇಳಿದಳು, "ಆಂಟಿ, ಅದು ಯಾವ ಭಾಷೆ?"

"ಕನ್ನಡ. ಅವರ ತಾಯಿ ಮಾತಾಡುತ್ತಿದ್ದದ್ದು."

"ಹಾಗಾದರೆ ಆ ಭಾಷೆಯಲ್ಲಿ ಹಾಡಿಸಿ. ಚಿಕ್ಕಂದಿನಲ್ಲಿ ಹಾಡಿದ್ದು. ಮಾತು ಹೋದವರಿಗೂ ಕೆಲವೊಮ್ಮೆ ಹಾಡು ಉಳಿದಿರುತ್ತದೆ."

ಹಾಡಿಸುವುದು ಹೇಗೆ? ಪ್ರಾರ್ಥನೆಗೆ ಕೂರದ ಮನುಷ್ಯ. ನಾನು ಹಾಡಿದರೆ ಬಾಗಿಲು ಎಳೆದುಕೊಳ್ಳುವ ಮನುಷ್ಯ. ಬಲವಂತ ಮಾಡಲಿಲ್ಲ. ಕುರ್ಚಿ ಮುಗಿಯಲಿ ಎಂದುಕೊಂಡೆ. ಬೆತ್ತ ಹೆಣೆಯುವವರೊಬ್ಬರು ಬಂದು ಹೊಸ ಸೀಟು ಹೆಣೆದುಕೊಟ್ಟರು. ಇವರು ಪಕ್ಕದಲ್ಲೇ ಕೂತು ಒದ್ದೆ ಬೆತ್ತ ಎತ್ತಿಕೊಟ್ಟರು, ಬಲಗೈಯಲ್ಲೇ. ಪಾಲಿಶ್ ಒಣಗಿತು. ಒಂದು ಸಂಜೆ ಇವರೇ ಕುರ್ಚಿಯನ್ನು ಎಳೆಯುತ್ತ, ನಿಲ್ಲುತ್ತ, ಎಳೆಯುತ್ತ ಬಾಲ್ಕನಿಯಿಂದ ಹಾಲಿಗೆ ತಂದರು. ಮೊದಲಿದ್ದ ಜಾಗದಲ್ಲೇ ಇಟ್ಟರು.

"ಕೂಡ್ರಿ" ಎಂದೆ.

ಬೇಡವೆಂದು ತಲೆಯಾಡಿಸಿದರು. ಕೃಪಾಳ ಕೈ ಹಿಡಿದು ಅದರಲ್ಲಿ ಕೂರಿಸಿದರು! ತಾವು ನೆಲದ ಮೇಲೆ, ಗೋಡೆಗೆ ಒರಗಿ ಕೂತರು.

ಆ ಕುರ್ಚಿಯಲ್ಲಿ ಕೂತವರು ಪ್ರಾರ್ಥನೆ ನಡೆಸಬೇಕು. ನಮ್ಮ ಮನೆಯ ಕಾನೂನು ಅದು. ಕೃಪಾ ಗಾಬರಿಯಾದಳು. "ಪಪ್ಪಾ, ಮೈ ಕನ್ನಡ ಈಸ್ ಹಾರಿಬಲ್! ನನಗೆ ಬರಾಂಗಿಲ್ಲ." ಇವರು ಬೆರಳು ತೋರಿಸಿದರು. ಹಾಡು ಎಂದು.

ಅಜ್ಜ ಕಲಿಸಿದ ಹಾಡೊಂದು ಅವಳ ನೆನಪಿನಲ್ಲಿತ್ತು. ರಾಗ ಸರಿಯಾಗಿ, ಪದಗಳು ಕೇಳಿಸಿಕೊಂಡ ಹಾಗೆ. ಕಣ್ಣು ಮುಚ್ಚಿ ಶುರು ಮಾಡಿದಳು. ಎರಡನೇ ಸಾಲಿನಲ್ಲಿ ದೇವರ ಕರುಣೆಯನ್ನು ಹೊಗಳುವ ಬದಲು ಅವನ ಕರುಳನ್ನು ಹೊಗಳಿಬಿಟ್ಟಳು.

"ಕರುಣೆ!"

ಯಾರು ಹೇಳಿದ್ದು? ನಾನಲ್ಲ. ಕೃಪಾ ಕಣ್ಣು ಬಿಟ್ಟಳು. ಇವರು ಗೋಡೆಯಿಂದ ಮುಂದಕ್ಕೆ ಬಾಗಿದ್ದರು. ಮುಖದಲ್ಲಿ ಗದಗಿನ ಮಾಸ್ತರರ ಸಿಟ್ಟು. "ಕರುಣೆ" ಎಂದರು ಮತ್ತೊಮ್ಮೆ. ಹಾಡನ್ನು ಅಲ್ಲಿಂದಲೇ ಎತ್ತಿಕೊಂಡರು. ಒಡಕು ದನಿ. ಆದರೆ ಒಂದರ ಹಿಂದೆ ಒಂದು ಪದ, ಬಾಗಿಲು ತೆರೆದ ಶಾಲೆಯಿಂದ ಮಕ್ಕಳು ಹೊರಬಂದ ಹಾಗೆ. ಕೃಪಾ ಜೊತೆಗೂಡಿದಳು. ನನಗೆ ಹಾಡಲು ಆಗಲಿಲ್ಲ. ಸೆರಗು ಬಾಯಿಗೆ ಅಡ್ಡ ಬಂದಿತ್ತು.

ಹಾಡು ಮುಗಿಯಿತು. ನಾನು ಆಸೆಯಿಂದ "ಏನರ ಮಾತಾಡ್ರಿ" ಎಂದೆ. ಬಾಯಿ ತೆರೆದರು. ಬರಲಿಲ್ಲ. ಈ ಸಲ ಮುಖ ತಿರುಗಿಸಲಿಲ್ಲ. ನನ್ನ ಕೈ ಹಿಡಿದುಕೊಂಡರು.

ಆದ್ದರಿಂದ ಇದನ್ನು ಪವಾಡ ಎಂದು ಬರೆಯಲಾರೆ. ಪವಾಡ ಎನ್ನುವವರು ನಮ್ಮ ಮನೆಗೆ ಬಂದು ಒಂದು ಲೋಟ ನೀರು ಬೇಕೆಂದು ಹೇಳಲು ಇವರು ಪಡುವ ಪಾಡು ನೋಡಬೇಕು. ಹಾಡಿದ ಪದಗಳನ್ನು ಹಿಡಿದುಕೊಂಡು ಮಾತಿಗೆ ದಾಟಿಸುವ ಕೆಲಸ ನಡೆದಿದೆ. ಥೆರಪಿ ಹುಡುಗಿ ಕಾರ್ಡುಗಳ ಹಿಂದೆ ಕನ್ನಡದ ಹೆಸರುಗಳನ್ನು ಬಂಗಾಳಿ ಲಿಪಿಯಲ್ಲಿ ಬರೆದುಕೊಂಡಿದ್ದಾಳೆ. ಛತ್ರಿ ಬಂತು. ಬಸ್ಸು ಬಂತು. ನನ್ನ ಹೆಸರು ಇನ್ನೂ ಬಂದಿಲ್ಲ. ಕಾಯುತ್ತಿದ್ದೇನೆ.

ಕಳೆದ ಭಾನುವಾರ ಇವರೇ ಬಟ್ಟೆ ತೆಗೆದಿಟ್ಟುಕೊಂಡರು. ಚರ್ಚಿನಲ್ಲಿ ಎಲ್ಲರೂ ಎದ್ದು ಇಂಗ್ಲಿಷಿನಲ್ಲಿ ಕರ್ತನ ಪ್ರಾರ್ಥನೆ ಶುರು ಮಾಡಿದರು. ಇವರು ಕನ್ನಡದಲ್ಲಿ "ಪರಲೋಕದಲ್ಲಿರುವ ನಮ್ಮ ತಂದೆಯೇ" ಎಂದು ಶುರು ಮಾಡಿದರು. ಗಟ್ಟಿಯಾಗಿ, ರಾಗವಾಗಿ, ಎಲ್ಲರಿಗಿಂತ ಹಿಂದೆ. ಎಲ್ಲರ ಆಮೆನ್ ಮುಗಿದರೂ ಇವರದು ಇನ್ನೂ ನಡೆದಿತ್ತು. ಪಾದ್ರಿಗಳು ಪುಸ್ತಕ ಮುಚ್ಚಿ ಕಾದರು. ಇಡೀ ಚರ್ಚು ನಿಂತೇ ಕಾಯಿತು. ಕೊನೆಯ ಆಮೆನ್ ಇವರದೇ.

ಹೊರಗೆ ಬಂದಾಗ ಮುಂದಿನ ಸಾಲಿನ ಬಂಗಾಳಿ ಅಜ್ಜಿಯೊಬ್ಬರು ಇವರ ಕೈ ಹಿಡಿದು ಕೇಳಿದರು, "ಅದು ಯಾರ ಭಾಷೆ ಬಾಬಾ?"

ಉತ್ತರ ಕೊಡಲು ನಾನು ಬಾಯಿ ತೆರೆದೆ. ಇವರು ಕೈಯೆತ್ತಿ ನನ್ನನ್ನು ತಡೆದರು. ತುಟಿ ನಡುಗಿತು. ಮುಖ ಕೆಂಪಾಯಿತು. ನಾವೆಲ್ಲ ಬಿಸಿಲಲ್ಲಿ ನಿಂತು ಕಾದೆವು.

"ಅಪ್ಪ..." ಎಂದರು. "ಅಪ್ಪಂದು."

ಯಾವ ಅಪ್ಪನದು ಎಂದು ಅಜ್ಜಿಯೂ ಕೇಳಲಿಲ್ಲ, ನಾನೂ ಕೇಳಲಿಲ್ಲ.