ಮೆಣಸು ತುಳಿದ ಕಾಲು

ಪೇಟೆಯ ಈಜುಕೊಳಕ್ಕೆ ಮತ್ತೆ ನೀರು ತುಂಬಿಸುತ್ತಾರಂತೆ. ಹೊಸ ಟೈಲ್ಸು, ಹೊಸ ಪಂಪು, ಉದ್ಘಾಟನೆಗೊಂದು ಸ್ಮರಣ ಸಂಚಿಕೆ. ಹಳಬರೆಲ್ಲ ನೆನಪು ಬರೆದುಕೊಡಿ ಅಂತ ನನ್ನ ಮೊಬೈಲಿಗೂ ಸಂದೇಶ ಬಂದಿದೆ. 'ಬಡವ ಬಲ್ಲಿದ ಎನ್ನದೆ ನಾವೆಲ್ಲ ಒಂದೇ ನೀರಿನಲ್ಲಿ ಆಡಿ ಬೆಳೆದ ಆ ದಿನಗಳು' ಅಂತ ಅದರಲ್ಲೊಂದು ಸಾಲು. ಓದಿ ಮೈಯೆಲ್ಲ ಉರಿದುಹೋಯಿತು. ಯಾರು ಸ್ವಾಮಿ ಈ 'ನಾವೆಲ್ಲ'? ಕೇಳಿದ್ದಾರಲ್ಲ, ಬರೆಯುತ್ತಿದ್ದೇನೆ. ಅಚ್ಚು ಹಾಕುವುದು ಬಿಡುವುದು ಅವರಿಗೆ ಸೇರಿದ್ದು.

ನಾವಿದ್ದದ್ದು ಬಣಕಲ್ ಹತ್ತಿರದ ಒಂದು ಎಸ್ಟೇಟಿನ ಲೈನ್ ಮನೆಯಲ್ಲಿ. ಅಪ್ಪ ಅಮ್ಮ ಇಬ್ಬರೂ ತೋಟದ ಕೆಲಸದವರು. ಲೈನಿಗೂ ಶಾಲೆಗೂ ನಡುವೆ ಒಂದು ಹಳ್ಳ. ಬೇಸಿಗೆಯಲ್ಲಿ ಅದಕ್ಕೆ ಹಳ್ಳ ಅನ್ನುವುದೇ ಹೆಚ್ಚು, ಪಾದ ನೆನೆದರೆ ಪುಣ್ಯ. ಜೂನ್ ಬಂತೆಂದರೆ ಕೆಂಪು ನೀರು ಮರದ ಬೊಡ್ಡೆಗಳನ್ನೇ ಹೊತ್ತುಕೊಂಡು ಹೋಗುತ್ತಿತ್ತು. ದಾಟಲು ಎರಡು ಅಡಿಕೆ ಮರ ಜೋಡಿಸಿ ಹಾಕಿದ ಸಂಕ, ಹಿಡಿದುಕೊಳ್ಳಲು ಒಂದು ಬಿದಿರು. ಮಳೆಗಾಲದಲ್ಲಿ ಅಮ್ಮ ದಿನಾ ಬೆಳಿಗ್ಗೆ ನನ್ನನ್ನೂ ಪಕ್ಕದ ಮನೆಯ ನನ್ನ ಗೆಳತಿಯನ್ನೂ ಒಬ್ಬೊಬ್ಬರಾಗಿ ಕೈ ಹಿಡಿದು ದಾಟಿಸಿ, ಆಮೇಲೆ ಕೆಲಸಕ್ಕೆ ಓಡುತ್ತಿದ್ದಳು. ತಡವಾದರೆ ಹಾಜರಿ ಬರೆಯುವ ರೈಟರ್ ಎಲ್ಲರೆದುರು ಬೈಯುತ್ತಿದ್ದರು. ಬೈಸಿಕೊಂಡೇ ದಾಟಿಸುತ್ತಿದ್ದಳು.

ನಾವಿಬ್ಬರೂ ಆರನೇ ಕ್ಲಾಸಿನಲ್ಲಿದ್ದಾಗ ಹೆಡ್ ಮೇಡಂ ಒಂದು ಸುದ್ದಿ ತಂದರು. ಸರ್ಕಾರಿ ಶಾಲೆ ಮಕ್ಕಳಿಗೆ ಬೇಸಿಗೆ ರಜೆಯಲ್ಲಿ ಪೇಟೆಯ ಈಜುಕೊಳದಲ್ಲಿ ಹತ್ತು ದಿನ ಪುಕ್ಕಟೆ ಪಾಠ. ಶಾಲೆಯ ಯಾವುದಕ್ಕೂ ತಲೆ ಹಾಕದ ನನ್ನಮ್ಮ ಮಾರನೆಯ ದಿನವೇ ಹೋಗಿ ಇಬ್ಬರ ಹೆಸರನ್ನೂ ಬರೆಸಿ ಬಂದಳು. "ದೊಡ್ಡ ಈಜೇನೂ ಬೇಡ. ಹಳ್ಳಕ್ಕೆ ಬಿದ್ರೆ ತೇಲಿ ದಡ ಹತ್ತೋಷ್ಟು ಕಲ್ತ್ಕೊಂಡ್ರೆ ಸಾಕು" ಅಂದಳು. ಅವಳಿಗೆ ಬೇಕಿದ್ದದ್ದು ಅಷ್ಟೇ.

ಅದು ಕಾಳುಮೆಣಸಿನ ಕೊಯ್ಲು ಮುಗಿಯುತ್ತಿದ್ದ ಕಾಲ. ಕೊಯ್ದ ಕರೆಗಳನ್ನು, ಅಂದರೆ ಕಾಳಿನ ಗೊಂಚಲುಗಳನ್ನು, ರಾಶಿ ಹಾಕಿ ಗೋಣಿ ಮುಚ್ಚಿ ಇಟ್ಟು, ಆಮೇಲೆ ಕಣದಲ್ಲಿ ಹರಡಿ ಬರಿಗಾಲಲ್ಲಿ ತುಳಿಯಬೇಕು. ಆಗ ಕಾಳು ಬಿಡುತ್ತದೆ. ನಮ್ಮಲ್ಲಿ ಆ ಕೆಲಸ ಹೆಂಗಸರದು, ರಜೆಯಲ್ಲಿ ಮಕ್ಕಳದು. ಮಕ್ಕಳ ಪಾದ ಚಿಕ್ಕದು, ಕಾಳು ಒಡೆಯುವುದಿಲ್ಲ ಅಂತ ಮೇಸ್ತ್ರಿ ಹೊಗಳಿ ಹೊಗಳಿ ತುಳಿಸುತ್ತಿದ್ದ. ಮೆಣಸಿನ ರಸ ಅಂಗಾಲಿಗೆ ಇಳಿದು ಕಪ್ಪಗೆ ಕೂರುತ್ತದೆ. ಬೆರಳ ಸಂದಿಯಲ್ಲಿ ಬಿರುಕಿದ್ದರಂತೂ ಉರಿ ತಡೆಯಲಾಗದು. ಈಜುಕೊಳ ಅಂದಾಗ ನನಗೆ ಮೊದಲು ಕಾಣಿಸಿದ್ದು ಆ ಉರಿಯುವ ಕಾಲು ತಣ್ಣೀರಿಗೆ ಇಳಿಯುವುದು.

ಮೊದಲ ದಿನ ಬಸ್ಸು ಹತ್ತಿ ಪೇಟೆಗೆ ಹೋಗಿ ಕೊಳದ ಗೇಟಿನಲ್ಲಿ ಸಾಲು ನಿಂತೆವು. ಅಲ್ಲೊಬ್ಬ ಗೇಟಿನವ, ಕುತ್ತಿಗೆಯಲ್ಲಿ ಸೀಟಿ. ಒಬ್ಬೊಬ್ಬರೂ ಗೋಡೆ ಹಿಡಿದು ಕುದುರೆಗೆ ಲಾಳ ಕಟ್ಟುವಾಗಿನ ಹಾಗೆ ಹಿಂದಕ್ಕೆ ಕಾಲೆತ್ತಿ ಅಂಗಾಲು ತೋರಿಸಬೇಕು. ಕೊಳೆ ಕಾಲಿನವರಿಗೆ ಪ್ರವೇಶವಿಲ್ಲ. ದುಡ್ಡು ಕಟ್ಟಿ, ಬೂಟು ಹಾಕಿ ಬಂದ ಪೇಟೆಯ ಮಕ್ಕಳದು ಬೆಳ್ಳಗಿತ್ತು, ಸರಸರ ಒಳಗೆ ಹೋದರು. ನನ್ನ ಕಾಲು ನೋಡಿ ಅವನು ಮೂಗು ಮುರಿದ.

"ಎಂಥದಿದು? ತೊಳ್ಕೊಂಡು ಬಾ, ಹೋಗು."

ಪೇಟೆಯ ಅರ್ಧ ಅಂಗಡಿ ನಿಂತಿರುವುದೇ ಮೆಣಸಿನ ಮೇಲೆ. ಕೊಳದ ಎದುರಿಗೇ ಮೆಣಸಿನ ಮಂಡಿ. ಕಾಳು ಬಾಯಿಗೆ ಹಾಕಿ ಕಡಿದು ಯಾವ ತೋಟದ್ದು ಅಂತ ಹೇಳುವವರಿದ್ದ ಊರಿನಲ್ಲಿ, ಅದರ ಕಪ್ಪು ಒಂದು ಮಗುವಿನ ಕಾಲಿಗೆ ಅಂಟಿದಾಗ ಮಾತ್ರ ಯಾರಿಗೂ ಗುರುತು ಸಿಗಲಿಲ್ಲ. ಕಾಳಾದರೆ ಮೆಣಸು, ಕಾಲಿಗೆ ಬಂದರೆ ಕೊಳೆ.

ಅಂದು ರಾತ್ರಿ ಅಮ್ಮ ನಮ್ಮಿಬ್ಬರ ಕಾಲನ್ನೂ ಹುಣಸೆಹಣ್ಣಿನಲ್ಲಿ ತಿಕ್ಕಿದಳು, ನಿಂಬೆ ಸಿಪ್ಪೆಯಲ್ಲಿ ತಿಕ್ಕಿದಳು, ಕೊನೆಗೆ ತೆಂಗಿನ ನಾರಿನಲ್ಲಿ ಚರ್ಮ ಕಿತ್ತು ಬರುವಷ್ಟು ಉಜ್ಜಿದಳು. ಆ ಕಪ್ಪು ತೊಳೆದರೆ ಹೋಗುವಂಥದ್ದಲ್ಲ, ಹಳೆ ಚರ್ಮ ಸವೆದು ಹೊಸದು ಬರಬೇಕು. ಅದೂ ಅಲ್ಲದೆ ಸಂಜೆ ಬಂದರೆ ಕಣದ ರಾಶಿ ನಮಗಾಗಿ ಕಾಯುತ್ತಿತ್ತು. ಎರಡನೆಯ ದಿನವೂ ವಾಪಸ್ ಕಳಿಸಿದ.

ಮೂರನೆಯ ದಿನ ಸಾಲಿನ ಹತ್ತಿರ ಒಂದು ಜೀಪು ನಿಂತು, ನಮ್ಮ ಎಸ್ಟೇಟ್ ಧಣಿಗಳ ಮಗಳು ಇಳಿದಳು. ನನ್ನಷ್ಟೇ ವಯಸ್ಸು. ಅಮ್ಮ ಭಾನುವಾರ ಬಂಗಲೆಗೆ ಪಾತ್ರೆ ತೊಳೆಯಲು ಹೋಗುವಾಗ ನಾನೂ ಹೋಗುತ್ತಿದ್ದರಿಂದ ಅವಳಿಗೆ ನನ್ನ ಮುಖ ಗೊತ್ತು. ಗೋಡೆ ಹಿಡಿದು ಕಾಲೆತ್ತಿ ನಿಂತ ನನ್ನನ್ನು ನೋಡಿ ಅವಳು ಗೇಟಿನವನಿಗೆ ಹೇಳಿದಳು, "ಅದು ಕೊಳೆ ಅಲ್ಲ. ನಮ್ಮ ಮೆಣಸಿನ ಕಪ್ಪು. ಇವಳು ನಮ್ಮ ತೋಟದವಳು."

ಅವನ ಮುಖವೇ ಬದಲಾಯಿತು. "ಅಯ್ಯೋ, ನಿಮ್ಮೋಳು ಅಂತ ಮೊದ್ಲೇ ಹೇಳ್ಬಾರ್ದಾ? ಹೋಗೇ ಮಾರಾಯ್ತಿ, ಹೋಗು."

ಕಾಲು ಅದೇ, ಕಪ್ಪು ಅದೇ. ಯಾರ ಮೆಣಸು ಅಂತ ಗೊತ್ತಾದ ಕೂಡಲೇ ಮಡಿಯಾಗಿಬಿಟ್ಟಿತು. ಧಣಿಗಳ ಮಗಳ ಮೇಲೆ ನನಗೆ ಸಿಟ್ಟಿಲ್ಲ, ಅವಳು ಒಳ್ಳೆಯದನ್ನೇ ಮಾಡಿದಳು. ಹೇಳಿ ಅವಳು ಬಟ್ಟೆ ಬದಲಿಸಲು ಹೋಗಿಬಿಟ್ಟಳು. ನನ್ನ ಹಿಂದೆ ನನ್ನ ಗೆಳತಿ ಕಾಲೆತ್ತಿದಳು. ಗೇಟಿನವ ಜೀಪಿನ ಕಡೆ ನೋಡಿದ, ಒಳಗೆ ನೋಡಿದ. ಹೇಳುವವರು ಯಾರೂ ಇರಲಿಲ್ಲ.

"ನೀನು ತೊಳ್ಕೊಂಡು ಬಾ."

'ಇವಳೂ ನಮ್ಮ ತೋಟದವಳೇ' ಅಂತ ನಾನು ಹೇಳಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ಅವನು ನನ್ನ ಕಾಲನ್ನು ಇನ್ನೊಮ್ಮೆ ನೋಡಿದರೆ ಅಂತ ಹೆದರಿದೆ. ಒಳಗೆ ಹೋದೆ. ನೀರು ನಾನಂದುಕೊಂಡಿದ್ದಕ್ಕಿಂತ ತಣ್ಣಗಿತ್ತು, ಸುಖವಾಗಿತ್ತು. ಆ ಸುಖಕ್ಕೆ ನನಗೆ ಇವತ್ತಿಗೂ ನಾಚಿಕೆ.

ಸಂಜೆ ಅಮ್ಮ ಕಣದ ಆ ಬದಿಯಿಂದ ಕೂಗಿ ಕೇಳಿದಳು, "ಇಬ್ರನ್ನೂ ಬಿಟ್ರಾ?"

"ಹೂಂ" ಅಂದೆ. ಗೆಳತಿ ಪಕ್ಕದಲ್ಲೇ ಇದ್ದಳು. ತಲೆ ತಗ್ಗಿಸಿ ಮೆಣಸು ತುಳಿಯುತ್ತಿದ್ದಳು, ನನ್ನ ಸುಳ್ಳನ್ನು ತಿದ್ದಲಿಲ್ಲ. ನಿಜ ಹೇಳಿದರೆ ಬಸ್ಸಿನ ಪ್ರಯಾಣವೂ ತಪ್ಪುತ್ತದೆ ಅಂತ ಇರಬಹುದು. ನನ್ನನ್ನು ಬಿಟ್ಟುಕೊಡಬಾರದು ಅಂತಲೂ ಇರಬಹುದು. ನಾನು ಕೇಳಲಿಲ್ಲ. ಉಳಿದಷ್ಟೂ ದಿನ ಅವಳು ನನ್ನ ಜೊತೆ ಬಂದಳು, ಗೇಟಿನಲ್ಲಿ ಕಾಲೆತ್ತಿ ತೋರಿಸಿದಳು, ಹೊರಗೆ ಬಿಸಿಲಲ್ಲಿ ಕೂತು ಕಾದಳು. ಅಷ್ಟು ದಿನದಲ್ಲಿ ನಾನು ಕಲಿತದ್ದು ಕಂಬಿ ಹಿಡಿದು ಕಾಲು ಬಡಿಯುವುದು, ಕೊನೆಯ ದಿನ ಎದೆಮಟ್ಟದ ನೀರಲ್ಲಿ ಹೇಗೋ ಈ ಅಂಚಿನಿಂದ ಆ ಅಂಚಿಗೆ ತಲುಪುವುದು.

ಜೂನ್ ಬಂತು. ಹಳ್ಳ ತುಂಬಿತು. ಅಮ್ಮ ಮಳೆಗೆ ತಲೆಯ ಮೇಲೆ ಗೊರಬು ಸೂಡಿಕೊಂಡು ಬಾಗಿಲಲ್ಲಿ ನಿಂತು, "ಇನ್ನು ನಾ ಬರೋದು ಬೇಡ. ಇಬ್ರಿಗೂ ಈಜು ಬರುತ್ತಲ್ಲ, ನೀವೇ ದಾಟ್ಕೊಳ್ಳಿ" ಅಂದು ಕೆಲಸಕ್ಕೆ ಹೊರಟಳು. ಅಷ್ಟು ನಿರಾಳವಾಗಿ ಅವಳು ಹೊರಟಿದ್ದನ್ನು ನಾನು ಹಿಂದೆ ನೋಡಿರಲಿಲ್ಲ. ಆಗಲಾದರೂ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ.

ಸಂಕದ ಹತ್ತಿರ ನಿಂತಾಗ ಗೆಳತಿ ಹೇಳಿದಳು, "ನಾನು ಮುಂದೆ ಹೋಗ್ತೀನಿ. ನೀನು ಹಿಂದೆ ಬಾ. ನಾ ಬಿದ್ರೆ ನಿಂಗೆ ಕಾಣ್ಬೇಕಲ್ಲ, ಬಂದು ಹಿಡಿಯೋಕೆ."

ಅದರಲ್ಲಿ ಕೊಂಕು ಇರಲಿಲ್ಲ. ನಿಜವಾಗಿಯೂ ನಾನು ಹಿಡಿಯುತ್ತೇನೆ ಅಂದುಕೊಂಡಿದ್ದಳು. ಆ ನೀರಿಗೆ ಬಿದ್ದವರನ್ನು ಹಿಡಿಯುವುದಿರಲಿ, ಬಿದ್ದರೆ ನಾನೇ ಏಳುತ್ತಿರಲಿಲ್ಲ. ಅದು ನನಗೊಬ್ಬಳಿಗೇ ಗೊತ್ತಿತ್ತು. ಆ ಮಳೆಗಾಲ ಪೂರ್ತಿ ಅವಳು ಮುಂದೆ, ನಾನು ಹಿಂದೆ. ನಾನಿದ್ದೇನೆ ಅನ್ನುವ ಧೈರ್ಯದಲ್ಲಿ ಅವಳು ಒಂದು ದಿನವೂ ಬಿದಿರು ಹಿಡಿಯಲಿಲ್ಲ.