ಹೊಗೆ ವಾಸನೆಯ ಮಕ್ಕಳಿಗೊಂದು ಚಾಪೆ

ಭಾನುವಾರ, ಬೆಳಗ್ಗೆ ಆರು ಮುಕ್ಕಾಲು. ರಾಗಿ ಕೊಯ್ಲು ಮುಗಿದ ವಾರ. ನಿನ್ನೆ ಮಾದಪ್ಪ ಮೇಷ್ಟ್ರನ್ನು ನೋಡಿ ಬಂದೆ. ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಆಗೆಲ್ಲ ಹಂಗಳದಾಚೆಯ ನಮ್ಮೂರಿನ ಹೊಲಗಳಿಗೂ ಕಾಡಿಗೂ ನಡುವೆ ಇದ್ದದ್ದು ಒಂದು ಕಂದಕ ಮಾತ್ರ. ಅದೂ ಮಳೆಗೆ ಅಲ್ಲಲ್ಲಿ ಕುಸಿದಿತ್ತು. ತೆನೆ ಬಲಿಯುತ್ತಿದ್ದಂತೆ ಆನೆ, ಹಂದಿ ಹೊಲಕ್ಕೆ ಇಳಿಯುತ್ತಿದ್ದವು. ಕೊಯ್ಲಾಗುವ ತನಕ ಮನೆಗೊಬ್ಬರಾದರೂ ಮರದ ಮೇಲಿನ ಅಟ್ಟಣೆಯಲ್ಲಿ ಕಾವಲು ಕೂರಬೇಕಿತ್ತು. ನಾನು ನಾಲ್ಕನೇ ಕ್ಲಾಸಿನಲ್ಲಿದ್ದ ವರ್ಷ ಅವ್ವ ಬಾಣಂತಿ, ತಮ್ಮ ತೊಟ್ಟಿಲಲ್ಲಿದ್ದ. ಹಾಗಾಗಿ ಅಪ್ಪನ ಜೊತೆ ನಾನು ಹೋದೆ. ಅಪ್ಪ ತೂಕಡಿಸದಂತೆ ಮಾತಾಡಿಸುವುದು ನನ್ನ ಕೆಲಸ. ಕೆಳಗೆ ಹಾಕಿದ ಬೆಂಕಿಯಲ್ಲಿ ಜೋಳದ ತೆನೆ ಸುಟ್ಟು ತಿನ್ನುವುದು ಅದರ ಸಂಬಳ.

ಬೆಳಗ್ಗೆ ಶಾಲೆಯಲ್ಲಿ ಪ್ರಾರ್ಥನೆ ಮುಗಿಯುವುದರೊಳಗೆ ಕಣ್ಣು ಮುಚ್ಚಿಹೋಗುತ್ತಿತ್ತು. ಪೇಟೆಯಿಂದ ಹೊಸದಾಗಿ ಬಂದಿದ್ದ ಮಿಸ್ಸು ಎರಡು ಸಲ ಎಬ್ಬಿಸಿದರು, ಮೂರನೇ ಸಲ ಜಗುಲಿಯಲ್ಲಿ ನಿಲ್ಲಿಸಿದರು. ಸುದ್ದಿ ಮನೆಗೆ ಮುಟ್ಟಿತು.

"ಇಸ್ಕೂಲ್ಗೋಗಿ ನಿದ್ದೆ ಮಾಡಾದಾದ್ರೆ ಮನೇಲೇ ಇರು ಬುಡು. ಮಗೂನಾದ್ರೂ ತೂಗೀಯೆ" ಎಂದಳು ಅವ್ವ. ತಮಾಷೆಗೆ ಅಂದದ್ದಲ್ಲ. ಪಕ್ಕದ ಮನೆಯ ಅಕ್ಕ ಹೀಗೇ ಮನೆಯಲ್ಲಿ ಉಳಿದವಳು ಮತ್ತೆ ಶಾಲೆಯ ಕಡೆ ಹೋಗಿರಲಿಲ್ಲ.

ಮಾದಪ್ಪ ಮೇಷ್ಟ್ರು ಬಂದದ್ದು ಆಗ. ಅಪ್ಪನಿಗೂ ಅಕ್ಷರ ಕಲಿಸಿದವರು. ನಿವೃತ್ತರಾಗಿ ಎಷ್ಟೋ ಕಾಲವಾಗಿದ್ದರೂ ಬಿಳಿ ಪಂಚೆ ಉಟ್ಟು, ಕೊಡೆ ಹಿಡಿದು ದಿನಾ ಪ್ರಾರ್ಥನೆ ಹೊತ್ತಿಗೆ ಶಾಲೆಯ ಬಾಗಿಲಲ್ಲಿ ನಿಲ್ಲುವರು. ಚಿಕ್ಕಂದಿನಲ್ಲಿ ಕಾವಲಿಗೆ ಹೋಗಿ, ಕ್ಲಾಸಿನಲ್ಲಿ ನಿದ್ದೆ ಮಾಡಿ ಬೆತ್ತದ ಏಟು ತಿಂದಿದ್ದರಂತೆ. ಕೆಲಸ ಸಿಕ್ಕ ಮೇಲೆ ತೆರಕಣಾಂಬಿ, ಸಂತೆಮರಹಳ್ಳಿ ಕಡೆ ಎಲ್ಲಿಗೆ ವರ್ಗವಾದರೂ ಕಾವಲಿನ ಮಕ್ಕಳಿಗೆಂದು ಸೈಕಲ್ಲಿನ ಹಿಂದೆ ಒಂದು ಚಾಪೆ ಕಟ್ಟಿಕೊಂಡೇ ಹೋದವರು.

ಅವತ್ತು ಆ ಚಾಪೆಯನ್ನು ಕಂಕುಳಲ್ಲಿ ಇಟ್ಟುಕೊಂಡೇ ಬಂದರು. ನನ್ನನ್ನು ಮಿಸ್ಸಿನ ಮುಂದೆ ನಿಲ್ಲಿಸಿ, "ಮಿಸ್ನೋರೆ, ಇವಳ ಸ್ವೆಟರ್ ಒಸಿ ಮೂಸಿ ನೋಡಿ" ಎಂದರು. ಮಿಸ್ಸು ಅನುಮಾನದಿಂದಲೇ ಬಗ್ಗಿದರು.

"ಹೊಗೆ ವಾಸನೆ, ಸರ್."

"ಅಲ್ವ? ಸೋಮಾರಿ ಮಕ್ಕಳತ್ರ ಸೋಪಿನ ವಾಸ್ನೆ ಬತ್ತದೆ."

ಮಿಸ್ಸು ನಕ್ಕರು. ಕ್ಲಾಸಿನ ಹಿಂದೆ ಚಾಪೆ ಹಾಸಿದ್ದಾಯಿತು. ಹೊಗೆ ವಾಸನೆಯ ಮಕ್ಕಳಿಗೆ ಮೊದಲ ಪಿರಿಯಡ್ಡು ನಿದ್ದೆ. ಆದರೆ ಮಲಗಿ ಕಳೆದ ಒಂದೊಂದು ಪಾಠಕ್ಕೂ ಮೇಷ್ಟ್ರ ಮನೆಗೋಡೆಯ ಮೇಲೆ ಇದ್ದಿಲಿನಲ್ಲಿ ಒಂದು ಗೀಟು. ಸಂಜೆ ಅವರ ಜಗುಲಿಯಲ್ಲಿ ಸುಟ್ಟ ಕಡಲೆಕಾಯಿ ತಿನ್ನುತ್ತ ಆ ಪಾಠ ಕಲಿತು ಒಪ್ಪಿಸಿದರೆ, ಒದ್ದೆ ಬಟ್ಟೆಯಲ್ಲಿ ಗೀಟು ಒರೆಸಬಹುದು. ಲೆಕ್ಕ ಇಡುವ ನನ್ನ ಚಾಳಿ ಶುರುವಾದದ್ದು ಆ ಗೋಡೆಯಿಂದಲೇ.

ಅವ್ವನ ಹತ್ತಿರವೂ ಮೇಷ್ಟ್ರು ಮಾತಾಡಿದರು. ಕೊಯ್ಲಿನ ಹೊತ್ತಿಗೆ ಗೋಡೆ ಚೊಕ್ಕಟವಾಗಿದ್ದರೆ ನಾನು ಶಾಲೆಯಲ್ಲಿ ಉಳಿಯಬೇಕು, ಇಲ್ಲದಿದ್ದರೆ ಅವಳ ಇಷ್ಟ. ಅವ್ವ ಒಪ್ಪಿದಳು.

ಕೊನೆಗೆ ಉಳಿದದ್ದು ಶೇಷ ಬರುವ ಭಾಗಾಕಾರ. ಊರಲ್ಲಿ ಕೊಯ್ಲಿಗೆ ಕುಡುಗೋಲು ಮಸೆಯುತ್ತಿದ್ದರು, ಮೇಷ್ಟ್ರಿಗೆ ಜ್ವರ. ಹೋದರೆ ಕಂಬಳಿ ಹೊದ್ದೇ ಎದ್ದು ಕೂತರು. ಮೂವತ್ತೇಳು ಅವರೆಕಾಳು ಎಣಿಸಿ ಚೆಲ್ಲಿ, "ಐದು ಗುಡ್ಡೆ ಮಾಡಮ್ಮಿ. ಎಲ್ಲಕ್ಕೂ ಸಮ ಬರಬೇಕು" ಎಂದರು. ಕಾಳು ಹಿಡಿದ ಅವರ ಕೈ ಹಾಗೇ ತೊಡೆಯ ಮೇಲೆ ಜಾರಿತು. ನಿದ್ದೆ. ಎಬ್ಬಿಸಲು ಮನಸ್ಸು ಬರಲಿಲ್ಲ. ಒಬ್ಬಳೇ ಹಂಚಿದೆ. ಗುಡ್ಡೆಗೆ ಏಳೇಳು ಬಂತು, ಎರಡು ಕಾಳು ಹೊರಗುಳಿದವು.

ಎಚ್ಚರವಾದಾಗ ಮೇಷ್ಟ್ರು ಗುಡ್ಡೆಗಳನ್ನು ಎಣಿಸಿ ನೋಡಿ, ನನ್ನ ಕೈಗೆ ಒದ್ದೆ ಬಟ್ಟೆ ಕೊಟ್ಟರು. ಒರೆಸಿದೆ. ಆಮೇಲೆ ತಾವೇ ಇದ್ದಿಲು ತಗೊಂಡು ಗೋಡೆಗೆ ಹೊಸದೊಂದು ಗೀಟು ಎಳೆದರು.

ಮಾರನೆಯ ದಿನ ಗೋಡೆ ನೋಡಲು ಬಂದ ಅವ್ವ ಅದನ್ನು ಹಿಡಿದಳು. "ಒಂದು ಗೀಟು ಉಳ್ಕಂಡದಲ್ಲ, ಮೇಷ್ಟ್ರೇ?"

"ಅದು ನಂದು ಕಣವ್ವ. ಪಾಠದಲ್ಲಿ ನಿದ್ದೆ ಮಾಡ್ಬುಟ್ಟೆ."

ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಮನೇಲಿರು ಎಂಬ ಮಾತು ಮತ್ತೆ ಅವಳ ಬಾಯಲ್ಲಿ ಬರಲಿಲ್ಲ.

ಈಗ ಕಾಡಂಚಿಗೆ ಕಬ್ಬಿಣದ ಬೇಲಿ ಬಂದಿದೆ, ಕಾವಲಿಗೆ ಹೋಗುವ ಮಕ್ಕಳಿಲ್ಲ. ಒಳ್ಳೆಯದೇ ಆಯಿತು. ಆದರೆ ಮಗು ಯಾಕೆ ತೂಕಡಿಸುತ್ತಿದೆ ಎಂದು ಬಗ್ಗಿ ಸ್ವೆಟರ್ ಮೂಸಿ ನೋಡುವವರೂ ಇಲ್ಲ. ಇದ್ದಿಲ ಗೋಡೆಗೆ ಬಣ್ಣ ಹೊಡೆದಿದ್ದಾರೆ.

ತೊಂಬತ್ತು ದಾಟಿದ ಮೇಷ್ಟ್ರು ಈಗ ದಿನದ ಬಹುಪಾಲು ನಿದ್ದೆಯಲ್ಲಿರುತ್ತಾರೆ. ನಿನ್ನೆ ಅವರ ಮಂಚದ ಪಕ್ಕ ಕೂತು, ಅವರ ಸೊಸೆಯ ಜೊತೆ ಅವರೆಕಾಯಿ ಸುಲಿಯುತ್ತಿದ್ದೆ. ಕಣ್ಣು ಬಿಟ್ಟವರು ಮೊರವನ್ನು ನೋಡಿದರು, ನನ್ನನ್ನು ನೋಡಿದರು.

"ಎಲ್ಲಿಗಂಟ ಆಗಿತ್ತಮ್ಮಿ?"

"ಐದು ಗುಡ್ಡೆ ಮಾಡು ಅಂದಿದ್ರಿ, ಮೇಷ್ಟ್ರೇ."

"ಏಳೇಳು ಬತ್ತದೆ" ಎಂದರು ನಿಧಾನವಾಗಿ. "ಎರಡು ಉಳೀತದೆ. ಉಳಿದಿದ್ದನ್ನ ಬಿಸಾಕ್ಬ್ಯಾಡ, ಪಕ್ಕಕ್ಕೆ ಇಟ್ಕೊ."

ಒರೆಸಲು ಗೀಟು ಇರಲಿಲ್ಲ. ಸುಮ್ಮನೆ ಗೋಡೆಯ ಮೇಲೆ, ಅದು ಇದ್ದ ಜಾಗದಲ್ಲಿ, ಒಂದು ಸಲ ಕೈಯಾಡಿಸಿ ಬಂದೆ.

ಆ ಚಾಪೆಯ ಮೇಲೆ ಮಲಗಿದವರ ಹೆಸರುಗಳನ್ನು ಸೇರಿಸುತ್ತಿದ್ದೇನೆ. ತೆರಕಣಾಂಬಿಯಲ್ಲೋ ಸಂತೆಮರಹಳ್ಳಿಯಲ್ಲೋ ನೀವೂ ಮಲಗಿದ್ದರೆ ಬರೆದು ತಿಳಿಸಿ: ಆಗ ನಿಮ್ಮ ಹೊಲದಲ್ಲಿ ಇದ್ದ ಬೆಳೆ ಯಾವುದು, ಎದ್ದ ಮೇಲೆ ಮೇಷ್ಟ್ರು ಹೇಳಿಕೊಟ್ಟ ಪಾಠ ಯಾವುದು. ಅವರು ಎಚ್ಚರವಿರುವ ಹೊತ್ತು ನೋಡಿ ಓದಿ ಹೇಳುತ್ತೇನೆ.